ಮೊಬೈಲ್ ಹತ್ತಿರ ಬಂದರೆ ಪೇಸ್‌ಮೇಕರ್ ನಿಂತುಹೋಗುತ್ತದೆಯೇ?

ಮಂಗಳೂರಿನ ಬಂದರ್‌ನಲ್ಲಿ ಮೂಟೆ ಲೆಕ್ಕ ಬರೆಯುವವರಿರಲಿ, ಧಕ್ಕೆಯಲ್ಲಿ ಮೀನು ಏಲಂ ಕೂಗುವವರಿರಲಿ, ಮೊಬೈಲ್ ಇಡುವುದು ಹೆಚ್ಚಾಗಿ ಅಂಗಿಯ ಎಡಜೇಬಿನಲ್ಲೇ. ಪೇಸ್‌ಮೇಕರ್ ಅಳವಡಿಸುವುದೂ ಸಾಮಾನ್ಯವಾಗಿ ಎಡಭುಜದ ಕೆಳಗೆ, ಎದೆಯ ಚರ್ಮದಡಿ. ಹಾಗಾದರೆ ‘ಪೇಸ್‌ಮೇಕರ್ ಇದ್ದವರು ಮೊಬೈಲ್ ಮುಟ್ಟಲೇಬಾರದು’ ಎಂಬ ಮಾತು ನಿಜವೇ?

ಅಲ್ಲ. ಮೊಬೈಲ್, ವೈಫೈ ತರಂಗಗಳನ್ನು ಸಾಧನದ ಲೋಹದ ಕವಚ ಮತ್ತು ಫಿಲ್ಟರ್‌ಗಳು ಬಹುಮಟ್ಟಿಗೆ ತಡೆಯುತ್ತವೆ. ಎಚ್ಚರ ಬೇಕಿರುವುದು ಅಯಸ್ಕಾಂತದ ಬಗ್ಗೆ. ವೈದ್ಯರ ಅನುಕೂಲಕ್ಕೆಂದೇ ಈ ಸಾಧನಗಳನ್ನು ಅಯಸ್ಕಾಂತಕ್ಕೆ ಸ್ಪಂದಿಸುವಂತೆ ಮಾಡಿರುತ್ತಾರೆ. ಪ್ರಬಲ ಅಯಸ್ಕಾಂತ ತೀರಾ ಹತ್ತಿರ ಬಂದರೆ ಪೇಸ್‌ಮೇಕರ್ ನಿಲ್ಲುವುದಿಲ್ಲ. ಸಾಮಾನ್ಯವಾಗಿ ಒಂದೇ ವೇಗದಲ್ಲಿ ಕೆಲಸ ಮಾಡತೊಡಗುತ್ತದೆ. ಆದರೆ ಅಪಾಯಕಾರಿ ಬಡಿತವನ್ನು ಶಾಕ್ ಕೊಟ್ಟು ಸರಿಪಡಿಸುವ ‘ಐಸಿಡಿ’ ಆ ಹೊತ್ತಿಗೆ ಶಾಕ್ ಕೊಡದೆ ಇರಬಹುದು. ಅಮೆರಿಕದ ವೈದ್ಯರು ಐಸಿಡಿ ಮೇಲೆ ಐಫೋನ್ 12 ಇಟ್ಟು ನೋಡಿ, ಹೀಗಾಗುವುದನ್ನು 2021ರಲ್ಲಿ ವರದಿ ಮಾಡಿದರು.

ಏನು ಮಾಡಬೇಕು?

• ಮೊಬೈಲ್, ಇಯರ್‌ಬಡ್ ಡಬ್ಬಿ ಸಾಧನದಿಂದ ಕನಿಷ್ಠ 15 ಸೆಂ.ಮೀ. ದೂರವಿರಲಿ; ಒಂದು ಗೇಣು ಬಿಟ್ಟರೆ ಸಾಕು. ವೈರ್‌ಲೆಸ್ ಚಾರ್ಜರ್ ಆದರೆ 30 ಸೆಂ.ಮೀ.
• ಸಾಧನ ಎಡಗಡೆ ಇದ್ದರೆ ಬಲಗಿವಿಗೆ ಹಿಡಿದು ಮಾತಾಡಿ.
• ತಲೆಸುತ್ತು ಬಂದರೆ, ಎದೆ ಡವಗುಟ್ಟಿದರೆ ಮೊಬೈಲ್ ದೂರವಿಡಿ, ವೈದ್ಯರನ್ನು ಕಾಣಿ.

ಮೊಬೈಲ್ ಬಿಡಬೇಕಾದೀತೆಂಬ ಹೆದರಿಕೆಯಿಂದ ವೈದ್ಯರು ಹೇಳಿದ ಪೇಸ್‌ಮೇಕರ್ ಬೇಡವೆನ್ನಬೇಡಿ. ಬದಲಾಗಬೇಕಾದದ್ದು ಜೇಬು ಮಾತ್ರ.