ಗುತ್ತಿಗೆ ಚಿತ್ರಕಾರರ ಹಾದಿ

ರಾಯಚೂರು, ದೇವದುರ್ಗ, ಮಾನ್ವಿಯ ಚಿತ್ರಕಾರರಿಗೆ ಗುತ್ತಿಗೆ ಕೆಲಸ ಹೊಸದಲ್ಲ. ಅಂಗಡಿ ಬೋರ್ಡು, ಲಾರಿಯ ಹಿಂಬದಿ, ಚುನಾವಣೆಯ ಗೋಡೆಬರಹ ಎಲ್ಲವೂ ಮಾತಾಡಿಕೊಂಡ ದರದ ಕೆಲಸಗಳೇ. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ಈ ಸೀಮೆಯಲ್ಲಿ ಆಗ ಕಚೇರಿಯ ಭಾಷೆ ಉರ್ದು ಆಗಿತ್ತು. ಕನ್ನಡ, ಉರ್ದು ಎರಡೂ ಲಿಪಿ ಬಲ್ಲ ಕೈಗೆ ಸಹಜವಾಗಿಯೇ ಬೆಲೆಯಿತ್ತು. ಪುಡಿ ಹಚ್ಚಿದ ದಾರವನ್ನು ಬಿಗಿಹಿಡಿದು ಮಿಡಿದರೆ ಗೋಡೆಯ ಮೇಲೆ ನೇರ ಗೆರೆ ಮೂಡುತ್ತದೆ. ಅದರ ಮೇಲೆ ಅಕ್ಷರ ಗುರುತಿಸಿ, ಬಣ್ಣ ತುಂಬಿ, ಮೂಲೆಯಲ್ಲಿ ಪೇಂಟರ್ ತನ್ನ ಹೆಸರು ಬರೆಯುತ್ತಾನೆ. ಮುಂದಿನ ಗಿರಾಕಿಯನ್ನು ತರುವುದು ಆ ಸಹಿಯೇ. ಫ್ಲೆಕ್ಸ್ ಬಂದು ಈ ಕಸುಬನ್ನು ಬಹುಮಟ್ಟಿಗೆ ಕಸಿದುಕೊಂಡಿತು. ಅದು ಸಣ್ಣ ನಷ್ಟವಲ್ಲ.

ಅಷ್ಟರಲ್ಲಿ ಬೆಂಗಳೂರಿನಲ್ಲಿ ಬೇರೊಂದು ಗುತ್ತಿಗೆ ಹುಟ್ಟಿತ್ತು. 1997ರಲ್ಲಿ ರಾಜೇಶ್ ರಾವ್ ಕಟ್ಟಿದ ಧ್ರುವ ಇಂಟರಾಕ್ಟಿವ್ ಕಂಪನಿ ವಿದೇಶಿ ವಿಡಿಯೋ ಗೇಮುಗಳಿಗೆ ಚಿತ್ರ ಮಾಡಿಕೊಡುತ್ತಾ ಬೆಳೆಯಿತು. 2019ರಲ್ಲಿ ವಿಡಿಯೋ ಗೇಮ್ ಕಂಪನಿ ರಾಕ್‌ಸ್ಟಾರ್ ಅದನ್ನು ಕೊಂಡಿತು. 2012ರಲ್ಲಿ ರಾಜ್ಯ ಸರ್ಕಾರ ಅನಿಮೇಷನ್ ಮತ್ತು ಗೇಮಿಂಗ್ ನೀತಿ ತಂದರೂ ಉದ್ಯಮ ರಾಜಧಾನಿಯಲ್ಲೇ ಬೇರೂರಿತು. ಊರಲ್ಲೇ ಕುಳಿತು ಸ್ವತಂತ್ರವಾಗಿ ದುಡಿಯುವವರಿಗೆ ಇಂದು ತಮ್ಮ ಚಿತ್ರಗಳನ್ನು ತೋರಿಸಲು ಆರ್ಟ್‌ಸ್ಟೇಷನ್‌ನಂಥ ಜಾಲತಾಣಗಳೇ ಗೋಡೆ. ಮುಂಗಡ ಪಡೆದು ಬಣ್ಣ ತರುವ ಪೇಂಟರುಗಳ ಪದ್ಧತಿಯನ್ನು ಹೊಸ ಕಲಾವಿದರೂ ಬಿಡಬಾರದು. ಜೊತೆಗೆ ಕರಾರನ್ನು ಬರಹದಲ್ಲೇ ಪಡೆಯಬೇಕು.