ಕಿರುಗಹಳೆಯೂ ಕಚೇರಿಯೂ

ನವಲಿಯ ಸುತ್ತಿನ ಜಾತ್ರೆಗಳಲ್ಲಿ ಕೊಂಬಿನ ದನಿ ಕೇಳಿದವರು, ಊದಿ ಮುಗಿದ ಮೇಲೆ ಅದರ ಭಾಗಗಳನ್ನು ಬಿಚ್ಚಿ ಚೀಲಕ್ಕೆ ಸೇರಿಸುವುದನ್ನೂ ಕಂಡಿರಬಹುದು. ಪಯಣಕ್ಕೆ ಒಗ್ಗುವ ಲೋಹವಾದ್ಯ ನಮಗೆ ಹೊಸತಲ್ಲ. ಮದುವೆಯ ಬ್ಯಾಂಡಿನಲ್ಲಿ ಟ್ರಂಪೆಟ್ ಊದುವ ನನ್ನ ಹಳೆಯ ಶಿಷ್ಯನೊಬ್ಬನು ಈಗ ಕೇಳುತ್ತಾನೆ: ಅದನ್ನು ಮಾರಿ ಚಿಕ್ಕ ‘ಪಾಕೆಟ್ ಟ್ರಂಪೆಟ್’ ಕೊಳ್ಳಲೇ, ಕಚೇರಿಗೆ ಅದು ಸಲ್ಲುವುದೇ?

13ನೆಯ ಶತಮಾನದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದಲ್ಲಿ ಕಾಹಲೆಯನ್ನು ಸುಷಿರವಾದ್ಯಗಳೊಡನೆ ಎಣಿಸಿದ್ದಾನೆ. ನಮ್ಮ ‘ಕಹಳೆ’ ಅದರ ತದ್ಭವ. (ಪಂಡಿತನ ಚಾಳಿ, ಮನ್ನಿಸಿರಿ.) ನೇರ ಕಹಳೆಯಾಗಲಿ ಬಾಗಿದ ಕೊಂಬಾಗಲಿ, ಬೆರಳಿಗೆ ಕೆಲಸವಿಲ್ಲ, ತುಟಿಯ ಬಿಗಿಯಿಂದ ಹುಟ್ಟುವ ಕೆಲವೇ ಸ್ವರಗಳು. ಉತ್ಸವಕ್ಕೆ ಅಷ್ಟು ಸಾಕು, ರಾಗಾಲಾಪನೆಗೆ ಸಾಲದು. 1818ರಲ್ಲಿ ಪ್ರಷ್ಯಾದಲ್ಲಿ ಸ್ಟೋಲ್ಜೆಲ್ ಮತ್ತು ಬ್ಲ್ಯೂಮೆಲ್ ಎಂಬವರು ಕವಾಟಕ್ಕೆ ಪೇಟೆಂಟ್ ಪಡೆದರು. ಮುಂದೆ ಟ್ರಂಪೆಟ್ಟಿಗೆ ಎಲ್ಲ ಸ್ವರಗಳೂ ದಕ್ಕಿದವು.

ಕಿರುಗಹಳೆಯ ಕೊಳವೆ ಗಿಡ್ಡವಲ್ಲ. ದೊಡ್ಡದರಂತೆಯೇ ಸುಮಾರು ನಾಲ್ಕೂಮುಕ್ಕಾಲು ಅಡಿ. ಸುತ್ತು ಮಾತ್ರ ಬಿಗಿ. ಆದ್ದರಿಂದ ಶ್ರುತಿ ಅದೇ. ಆದರೆ ಬಾಯಿ ಕಿರಿದಾದರೆ ನಾದದ ತುಂಬು ತಗ್ಗುತ್ತದೆ. ಅಗ್ಗದ ವಾದ್ಯದಲ್ಲಿ ಸ್ವರಗಳೂ ಅತ್ತಿತ್ತ ಜಾರುತ್ತವೆ. ಹಾಗಿದ್ದೂ ಅಮೆರಿಕದ ಡಾನ್ ಚೆರ್ರಿ (1936–1995) ಇದನ್ನೇ ಹಿಡಿದು ಜಾಜ್ ಕಚೇರಿಗಳಲ್ಲಿ ಹೆಸರಾದರು. ನಮ್ಮ ಸಂಗೀತಕ್ಕೆ ಬೇಕಾದ ಗಮಕದ ಮಾತು ಬೇರೆ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತ ಕದ್ರಿ ಗೋಪಾಲನಾಥರು ಅದರಲ್ಲಿ ಗಮಕ ನುಡಿಸಲು ವರ್ಷಗಟ್ಟಲೆ ದುಡಿದರು. ಅದಾದರೋ ಹಿತ್ತಾಳೆಯ ಮೈಯ ರೀಡುವಾದ್ಯ.

ಮೈಕಿನ ಮುಂದೆ, ಚಿಕ್ಕ ಸಭೆಯಲ್ಲಿ ಕಿರುಗಹಳೆ ಸಲ್ಲುತ್ತದೆ. ಮೆರವಣಿಗೆಯ ಬಯಲಿನಲ್ಲಿ ಸೋಲುತ್ತದೆ. ದೊಡ್ಡದನ್ನು ಮಾರಬೇಡವೆಂದು ಶಿಷ್ಯನಿಗೆ ಬರೆದಿದ್ದೇನೆ.