ಅಕಾಡೆಮಿಯ ಬಾಗಿಲು, ದರಕಿನ ಹೊರೆ

ದಿಲ್ಲಿಯಲ್ಲಿ ರಾಷ್ಟ್ರೀಯ ವೈದ್ಯ ವಿಜ್ಞಾನಗಳ ಅಕಾಡೆಮಿ ಅಂತ ಒಂದಿದೆ. 1961ರಲ್ಲಿ ಹುಟ್ಟುವಾಗ ಅದು ‘ಭಾರತೀಯ’ ಅಕಾಡೆಮಿ. 1976ರಲ್ಲಿ ‘ರಾಷ್ಟ್ರೀಯ’ ಆಯಿತು. ದೊಡ್ಡ ಡಾಕ್ಟರುಗಳು ತಮ್ಮೊಳಗಿನ ದೊಡ್ಡವರನ್ನು ಆರಿಸಿ ಫೆಲೋ ಮಾಡಿಕೊಳ್ಳುವ ಜಾಗ. ಇರಲಿ, ಅದೂ ಬೇಕು. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ವೈದ್ಯ ಚರಿತ್ರೆ ಬರೆಯಲು ಕೂತರೆ ಆ ಬಾಗಿಲಿಂದ ಶುರುಮಾಡಲಾಗದು. ಸತ್ತ ಮಂಗದಿಂದ ಶುರುಮಾಡಬೇಕು.

1957ರಲ್ಲಿ, ಸಿದ್ದಾಪುರದ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಮನುಷ್ಯರಿಗೂ ಜ್ವರ, ರಕ್ತಸ್ರಾವ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿ ಬಂದರು. ಅಮೆರಿಕದ ರಾಕ್‌ಫೆಲ್ಲರ್ ಫೌಂಡೇಶನ್ನೂ ನಮ್ಮ ಐಸಿಎಂಆರೂ ಸೇರಿ 1952ರಲ್ಲಿ ಕಟ್ಟಿದ ಕೇಂದ್ರ ಅದು. ಮೊದಲು ಹಳದಿ ಜ್ವರವೇನೋ ಅಂತ ಹೆದರಿದರು. ಸಿಕ್ಕಿದ್ದು ಹೊಸ ವೈರಸ್, ಹರಡುವುದು ಕಾಡಿನ ಉಣುಗು. ಕ್ಯಾಸನೂರಿನ ಹೆಸರು ಲೋಕದ ವೈದ್ಯ ಪುಸ್ತಕ ಸೇರಿತು. ರೋಗ ಪುಸ್ತಕದಲ್ಲಿ ಕೂರಲಿಲ್ಲ, ಉತ್ತರ ಕನ್ನಡಕ್ಕೂ ನಡೆದು ಬಂತು.

ಉಣುಗು ಜಾತಿ ನೋಡಿ ಕಚ್ಚುತ್ತದಾ? ಇಲ್ಲ. ಆದರೆ ಬೇಸಿಗೆಯಲ್ಲಿ ಕಾಡಿಗೆ ಹೋಗುವುದು ಯಾರು ಎಂಬುದನ್ನು ಜಾತಿಯೂ ಕೂಲಿಯೂ ತೀರ್ಮಾನಿಸುತ್ತವೆ. ಈ ಮೂರು ತಾಲೂಕಿನಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆ ತನಕ ಸೊಪ್ಪಿನ ಬೆಟ್ಟ ಬಿಟ್ಟುಕೊಡುವ ಪದ್ಧತಿ ಬ್ರಿಟಿಷರ ಕಾಲದ್ದು. ಬೆಟ್ಟ ತೋಟವಿದ್ದವನ ಹೆಸರಲ್ಲಿ. ದರಕು ಗುಡಿಸಿ ಹೊರೆ ಹೊರುವುದು ಹೆಚ್ಚಾಗಿ ಕೂಲಿಯವರ ತಲೆ. ಕಟ್ಟಿಗೆ ತರುವ ಹೆಂಗಸರು, ದನ ಕಾಯುವ ಹುಡುಗರು ಬೇರೆ. ಎಲೆ ಒಣಗಿ ಉದುರುವ ತಿಂಗಳುಗಳಲ್ಲೇ ಮರಿ ಉಣುಗುಗಳ ಕಾಟ. ತೋಟದ ಒಡೆಯರಿಗೂ ಈ ಜ್ವರ ಬಂದದ್ದುಂಟು, ಸುಳ್ಳು ಹೇಳಬಾರದು. ಅವರಿಗೆ ಕಾಡಿಗೆ ಹೋಗದೆ ಇರುವ ಆಯ್ಕೆಯೂ ಇತ್ತು, ಅಷ್ಟೆ.

ಕಾಡು ಕಡಿದು, ಅಂಚಿನಲ್ಲಿ ದನ ಮೇಯಿಸಿದ್ದರಿಂದ ಉಣುಗು ಹೆಚ್ಚಿತು ಅಂತ ಬೊಶೆಲ್ ಎಂಬ ವಿಜ್ಞಾನಿ 1969ರಲ್ಲೇ ಬರೆದರು. ಯಾರು ಕೇಳಿದರು? ಬೆಳ್ತಂಗಡಿ ಕಡೆ ಗೇರು ನೆಡಲು ಕಾಡು ಸವರಿದಾಗ, 1982-83ರಲ್ಲಿ, ಅಲ್ಲೂ ದೊಡ್ಡ ಹಾವಳಿಯೆದ್ದಿತು.

1990ರಿಂದ ಲಸಿಕೆ ಬಂತು. ತಿಂಗಳ ಅಂತರದಲ್ಲಿ ಎರಡು ಚುಚ್ಚು, ಮತ್ತೆ ಮತ್ತೆ ಬೂಸ್ಟರು. ಕೈ ನೋವು, ಹೋದ ಸಲಕ್ಕೆಲ್ಲ ಕೂಲಿ ಖೋತಾ. ಹಾಕಿಸಿಕೊಳ್ಳದ ಜನರನ್ನು ಮೂಢರು ಅಂದರು. 2005-10ರ ಲೆಕ್ಕ ತೆಗೆದು ನೋಡಿದವರಿಗೆ ಕಂಡದ್ದು: ಎರಡು ಡೋಸಿಗೆ ನೂರರಲ್ಲಿ ಸುಮಾರು 62ರಷ್ಟು ರಕ್ಷಣೆ, ಒಂದೇ ಡೋಸಿಂದ ಏನೂ ಇಲ್ಲ. 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಿದರು. 2024ರಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಮತ್ತೆ ಸಾವಾದಾಗ ಜನರ ಕೈಯಲ್ಲಿದ್ದದ್ದು, ಕಾಡಿಗೆ ಹೋಗುವ ಮುಂಚೆ ಮೈಗೆ ಹಚ್ಚಿಕೊಳ್ಳಿ ಅಂತ ಕೊಟ್ಟ ಡೆಪಾ ಎಣ್ಣೆಯ ಬಾಟಲಿ.